ಸಾಲಾರ್ ಜಂಗ್: ಸರಕಾರಿ ನೌಕರಿಗೆ ಕಟ್ಟಳೆ ತಂದ ದಿವಾನರು



ಹೈದರಾಬಾದಿಗೆ ಹೋದವರು ಸಾಲಾರ್ ಜಂಗ್ ಮ್ಯೂಸಿಯಂ ನೋಡದೆ ಬರುವುದಿಲ್ಲ. ಅಲ್ಲಿನ ಅಪರೂಪದ ವಸ್ತುಗಳಲ್ಲಿ ಹೆಚ್ಚಿನವನ್ನು ಕೂಡಿಸಿಟ್ಟವರು ಮೂರನೆಯ ಸಾಲಾರ್ ಜಂಗ್. ನಾವಿಲ್ಲಿ ನೆನೆಯುವುದು ಅವರ ಅಜ್ಜ, ಮೊದಲನೆಯ ಸಾಲಾರ್ ಜಂಗ್ ಮೀರ್ ತುರಾಬ್ ಅಲಿ ಖಾನ್ ಅವರನ್ನು. ಸರಕಾರಿ ನೌಕರಿಗೆ ಅರ್ಜಿ ಹಾಕಲು ಹೊರಟ ನೀವು ಅವರ ಜೀವನವನ್ನು ಅವಶ್ಯ ತಿಳಿಯಬೇಕು.

ಅವರು ಹುಟ್ಟಿದ್ದು 1829ರಲ್ಲಿ. ಅವರ ಪೂರ್ವಜರು ಬಿಜಾಪುರದ ಆದಿಲಶಾಹಿಗಳಲ್ಲಿ, ನಂತರ ದಿಲ್ಲಿಯ ಬಾದಶಹರಲ್ಲಿ, ಕೊನೆಗೆ ನಿಜಾಮರಲ್ಲಿ ಸೇವೆ ಮಾಡಿದವರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಬಾಲಕ ಮನೆಯ ಹಿರಿಯರ ಆಸರೆಯಲ್ಲಿ ಬೆಳೆದರು. 1853ರಲ್ಲಿ ದಿವಾನರಾಗಿದ್ದ ಚಿಕ್ಕಪ್ಪ ಸಿರಾಜುಲ್ ಮುಲ್ಕ್ ತೀರಿಕೊಂಡಾಗ ನಿಜಾಮ ನಾಸಿರುದ್ದೌಲಾ ಆ ಹುದ್ದೆಯನ್ನು 24ರ ಈ ತರುಣನಿಗೆ ವಹಿಸಿದರು.

ಆಗ ನಮ್ಮ ಕಲಬುರಗಿ ಸೀಮೆಯನ್ನೂ ಒಳಗೊಂಡ ಆ ರಾಜ್ಯದ ಸ್ಥಿತಿ ಹೇಗಿತ್ತು? ಖಜಾನೆ ಬರಿದಾಗಿತ್ತು. ಅದೇ ವರ್ಷ ಸೈನ್ಯದ ಖರ್ಚಿನ ಬಾಕಿಗಾಗಿ ಬೇರಾರ್, ರಾಯಚೂರು ದೋಆಬ್ ಮತ್ತು ನಳದುರ್ಗ ಪ್ರದೇಶಗಳು ಬ್ರಿಟಿಷರ ಕೈ ಸೇರಿದ್ದವು. ಕಂದಾಯ ವಸೂಲಿ ಗುತ್ತಿಗೆಯ ಮೇಲೆ ನಡೆಯುತ್ತಿತ್ತು. ಹೆಚ್ಚು ಹಣ ಕೊಡಲು ಒಪ್ಪಿದವನೇ ತಾಲೂಕದಾರ. ಅವನಿಗೆ ಲೆಕ್ಕ ಬರಬೇಕೆಂದಿಲ್ಲ, ಕಾನೂನು ತಿಳಿದಿರಬೇಕೆಂದೂ ಇಲ್ಲ. ಹುದ್ದೆಗೆ ಕೊಟ್ಟ ಹಣವನ್ನು ಅವನು ಯಾರಿಂದ ವಸೂಲು ಮಾಡುತ್ತಿದ್ದನೆಂಬುದನ್ನು ನೀವೇ ಊಹಿಸಿರಿ. ಎಲ್ಲ ಭಾರವೂ ರೈತನ ಬೆನ್ನ ಮೇಲೆ ಬೀಳುತ್ತಿತ್ತು.

ಸಾಲಾರ್ ಜಂಗ್ ಈ ಗುತ್ತಿಗೆಯನ್ನು ಹಂತ ಹಂತವಾಗಿ ಕಿತ್ತುಹಾಕಿದರು. ಅದರ ಜಾಗದಲ್ಲಿ ತಿಂಗಳ ಸಂಬಳದ ಅಧಿಕಾರಿಗಳು ಬಂದರು. 1865ರಲ್ಲಿ ಜಿಲ್ಲಾಬಂದಿ ಜಾರಿಯಾಗಿ ಜಿಲ್ಲೆಗೆ ತಾಲೂಕದಾರ, ತಾಲ್ಲೂಕಿಗೆ ತಹಸೀಲ್ದಾರ ಎಂಬ ವ್ಯವಸ್ಥೆ ನಿಂತಿತು. 1868ರಲ್ಲಿ ನ್ಯಾಯ, ಕಂದಾಯ, ಪೋಲೀಸು ಮತ್ತು ಇತರ ಖಾತೆಗಳಿಗೆ ನಾಲ್ವರು ಸದ್ರುಲ್ ಮಹಾಮ್‌ಗಳು ನೇಮಕವಾದರು. ಹುದ್ದೆ ಎಂದರೆ ಕೊಂಡುಕೊಳ್ಳುವ ಸ್ವತ್ತಲ್ಲ, ಅದು ಅಮಾನತ್, ಅದಕ್ಕೆ ತಕ್ಕವನಿಗೇ ಒಪ್ಪಿಸಬೇಕಾದದ್ದು ಎಂಬ ತತ್ವ ಆಡಳಿತದಲ್ಲಿ ಬೇರೂರತೊಡಗಿತು.

ಆದರೆ ತಕ್ಕವರು ಎಲ್ಲಿ ಸಿಗಬೇಕು? ಹೊಸ ಕಚೇರಿಗಳಿಗೆ ಬೇಕಾದಷ್ಟು ಓದಿದವರು ನಾಡಿನಲ್ಲಿರಲಿಲ್ಲ. ದಿವಾನರು ಉತ್ತರ ಹಿಂದೂಸ್ಥಾನದಿಂದ ವಿದ್ಯಾವಂತರನ್ನು ಕರೆಸಿದರು. ಸೈಯದ್ ಹುಸೇನ್ ಬಿಲ್ಗ್ರಾಮಿ, ಮೊಹ್ಸಿನುಲ್ ಮುಲ್ಕ್, ಚಿರಾಗ್ ಅಲಿ ಮುಂತಾದವರು ಹಾಗೆ ಬಂದವರು. ಅವರು ದಕ್ಷತೆಯಿಂದ ಕೆಲಸ ಮಾಡಿದರು, ನಿಜ. ಆದರೆ ನಮ್ಮ ನಾಡಿನ ಹುದ್ದೆಗಳು ಪರನಾಡಿನವರ ಪಾಲಾದವೆಂಬ ಅಸಮಾಧಾನವೂ ಬೆಳೆಯಿತು. ಮುಲ್ಕಿ, ಗೈರ್ ಮುಲ್ಕಿ ಎಂಬ ವಿವಾದ ಹುಟ್ಟಿದ್ದು ಹೀಗೆ.

ಇದಕ್ಕೆ ಮದ್ದು ಶಿಕ್ಷಣವೇ ಎಂಬುದನ್ನು ಸಾಲಾರ್ ಜಂಗ್ ಅರಿತಿದ್ದರು. ದಾರುಲ್ ಉಲೂಮ್ ಮತ್ತು 1873ರಲ್ಲಿ ಮದ್ರಸಾ-ಎ-ಆಲಿಯಾ ಅವರ ಕಾಲದಲ್ಲೇ ಸ್ಥಾಪನೆಯಾದವು. ಆದರೆ ಅವೆರಡೂ ಹೈದರಾಬಾದ್ ನಗರದಲ್ಲಿದ್ದವು. ಕಚೇರಿಯ ಭಾಷೆ ಫಾರ್ಸಿ, ಅವರ ನಂತರ ಉರ್ದು. ಅತನೂರಿನಂಥ ಊರುಗಳಲ್ಲಿ ಕನ್ನಡ ಮಾತಾಡುವ ರೈತನ ಮಗನಿಗೆ ಆ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. ಅವರ ಸುಧಾರಣೆಯಲ್ಲಿ ಉಳಿದ ದೊಡ್ಡ ಕೊರತೆ ಇದು.

ಮೂವರು ನಿಜಾಮರ ಕಾಲದಲ್ಲಿ 30 ವರ್ಷ ದುಡಿದ ಅವರು 1883ರ ಫೆಬ್ರುವರಿ 8ರಂದು ಕಾಲರಾದಿಂದ ನಿಧನರಾದರು.

ಮುಲ್ಕಿ ಪ್ರಶ್ನೆ ಮಾತ್ರ ಅವರೊಂದಿಗೆ ಮುಗಿಯಲಿಲ್ಲ. 1919ರ ಫರ್ಮಾನು ನೌಕರಿಗೆ 15 ವರ್ಷಗಳ ವಾಸವನ್ನು ಅಗತ್ಯಗೊಳಿಸಿತು. 1956ರಲ್ಲಿ ನಮ್ಮ ಜಿಲ್ಲೆಗಳು ಕನ್ನಡ ರಾಜ್ಯಕ್ಕೆ ಸೇರಿದ ಮೇಲೂ ನೌಕರಿಯಲ್ಲಿ ನಾವು ಹಿಂದೆಯೇ ಉಳಿದೆವು. ದೀರ್ಘ ಹೋರಾಟದ ಫಲವಾಗಿ ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ಕಲಂ ಬಂದಿತು. 2013ರ ಆದೇಶದಂತೆ ಈ ಭಾಗದ ಹುದ್ದೆಗಳಲ್ಲಿ ‘ಎ’ ಮತ್ತು ‘ಬಿ’ ಗುಂಪಿನ ಶೇ. 75, ‘ಸಿ’ ಗುಂಪಿನ ಶೇ. 80, ‘ಡಿ’ ಗುಂಪಿನ ಶೇ. 85ರಷ್ಟು ಸ್ಥಳೀಯರಿಗೆ ಮೀಸಲು.

ಮಿತ್ರರೇ, ಮೀಸಲಾತಿ ಬಾಗಿಲನ್ನು ತೆರೆಯುತ್ತದೆ, ಒಳಗೆ ಹೋಗಲು ಅರ್ಹತೆ ಬೇಕೇ ಬೇಕು. ಹುದ್ದೆಗೆ ಬೇಕಾದ ಪದವಿಯನ್ನು 371(ಜೆ) ಪ್ರಮಾಣಪತ್ರ ತಂದುಕೊಡುವುದಿಲ್ಲ. ಅಂದು ಫಾರ್ಸಿ ಬಾರದವನು ಕಚೇರಿಯ ಹೊರಗೆ ಉಳಿದ. ಇಂದು ಕಚೇರಿಯ ಭಾಷೆ ಕನ್ನಡ. ಉರ್ದು ಮಾಧ್ಯಮದಲ್ಲಿ ಓದುವ ನೀವು ಕನ್ನಡದಲ್ಲಿ ಅರ್ಜಿ, ಪತ್ರ, ಪ್ರಬಂಧಗಳನ್ನು ತಪ್ಪಿಲ್ಲದೆ ಬರೆಯಲು ಈಗಿನಿಂದಲೇ ಕಲಿಯಿರಿ.

ಇನ್ನೊಂದು ಮಾತು. 2021ರ ಅಕ್ಟೋಬರಿನಲ್ಲಿ 545 ಪಿ.ಎಸ್.ಐ. ಹುದ್ದೆಗಳಿಗೆ ನಡೆದ ಪರೀಕ್ಷೆಯ ಅಕ್ರಮ ಬಯಲಾದಾಗ ಕಲಬುರಗಿಯ ಹೆಸರೂ ಕೇಳಿಬಂತು. 2022ರಲ್ಲಿ ಆ ನೇಮಕಾತಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರ ಎರಡು ವರ್ಷಕ್ಕೂ ಹೆಚ್ಚು ಕಾಲ ಹಾಳಾಯಿತು. ಹಣ ಕೊಟ್ಟು ನೌಕರಿ ಪಡೆಯುವವನು ಸಾಲಾರ್ ಜಂಗ್ ಕಿತ್ತುಹಾಕಿದ ಗುತ್ತಿಗೆಯನ್ನೇ ಮರಳಿ ತರುತ್ತಾನೆ. ಅವನೂ ಕೊಟ್ಟ ಹಣವನ್ನು ಬಡವರಿಂದಲೇ ವಸೂಲು ಮಾಡಬೇಕಲ್ಲವೇ? ಯಾರಾದರೂ ದಲ್ಲಾಳಿ ನಿಮ್ಮ ಮನೆ ಬಾಗಿಲಿಗೆ ಬಂದರೆ ಅವನನ್ನು ಹಾಗೆಯೇ ಹಿಂದಕ್ಕೆ ಕಳುಹಿಸಿರಿ.

ಓದಿ ಪಡೆದ ಹುದ್ದೆಯನ್ನು ಅಮಾನತ್ ಎಂದು ತಿಳಿದು ನಡೆಸುವ ಶಕ್ತಿಯನ್ನು ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ. ಆಮೀನ್.