ಮೂಸಿ ನದಿ ಮತ್ತು ವಿಶ್ವೇಶ್ವರಯ್ಯ

ಮಕ್ಕಳೇ, ಮಳೆಗಾಲದಲ್ಲಿ ನೀವು ಧರೂರಿನ ಕಡೆಗೆ ಹೋಗಿ ಜೂರಾಲ ಅಣೆಕಟ್ಟನ್ನು ನೋಡಿರುವಿರಾ? ಮೇಲಿನ ಆಲಮಟ್ಟಿ, ನಾರಾಯಣಪುರ ಜಲಾಶಯಗಳಿಂದ ಕೃಷ್ಣೆಯ ನೀರು ಹರಿದು ಬಂದಾಗ ಇಲ್ಲಿ ಗೇಟುಗಳನ್ನು ಎತ್ತುತ್ತಾರೆ. ನೀರು ನೊರೆನೊರೆಯಾಗಿ ಧುಮುಕುತ್ತದೆ. ಗದ್ವಾಲ, ಮಕ್ತಲ್, ನಾರಾಯಣಪೇಟೆಗಳಿಂದ ಜನರು ನೋಡಲು ಬರುತ್ತಾರೆ. ಎಷ್ಟು ಗೇಟು ಎತ್ತಬೇಕು, ಎಷ್ಟು ನೀರು ಬಿಡಬೇಕು ಎಂಬುದನ್ನು ಅಲ್ಲಿನ ಇಂಜಿನಿಯರುಗಳು ಲೆಕ್ಕ ಹಾಕಿ ತೀರ್ಮಾನಿಸುತ್ತಾರೆ. ನದಿಗೂ ಲೆಕ್ಕವಿದೆಯೇ ಎಂದು ನಿಮಗೆ ಅನಿಸಬಹುದು. ಇದೆ. ಆ ಲೆಕ್ಕವನ್ನು ಶ್ರದ್ಧೆಯಿಂದ ಮಾಡಿ, ಸಾವಿರಾರು ಜನರ ಪ್ರಾಣಕ್ಕೆ ಕಾವಲು ಹಾಕಿದ ಒಬ್ಬ ಮಹನೀಯರ ಜೀವನವನ್ನು ಈ ಪಾಠದಲ್ಲಿ ತಿಳಿಯೋಣ.

ಅವರೇ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. 1860ರ ದಶಕದ ಆರಂಭದಲ್ಲಿ, ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಅವರು ಜನಿಸಿದರು. ತಂದೆ ಶ್ರೀನಿವಾಸಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಮೋಕ್ಷಗುಂಡಂ ಎಂಬುದು ಈಗಿನ ಆಂಧ್ರಪ್ರದೇಶದಲ್ಲಿರುವ ಊರು. ಅವರ ಹಿರಿಯರು ಅಲ್ಲಿಂದ ಮೈಸೂರು ಸೀಮೆಗೆ ಬಂದು ನೆಲೆಸಿದ್ದರು. ನೋಡಿ, ತೆಲುಗು ನಾಡಿನ ಊರಿನ ಹೆಸರನ್ನು ಹೊತ್ತ ಕನ್ನಡಿಗರು ಅವರು. ನಮ್ಮ ಗಡಿಯ ಊರುಗಳಲ್ಲಿ ಎರಡು ಭಾಷೆ ಆಡುವ ನಿಮಗೆ ಇದು ವಿಚಿತ್ರವೆನಿಸಲಾರದು.

ವಿಶ್ವೇಶ್ವರಯ್ಯನವರು ಚಿಕ್ಕವರಾಗಿದ್ದಾಗಲೇ ತಂದೆ ತೀರಿಕೊಂಡರು. ಮನೆಯಲ್ಲಿ ಬಡತನ. ಚಿಕ್ಕಬಳ್ಳಾಪುರದಲ್ಲಿ ಶಾಲೆ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದರು. ಓದಿನ ಖರ್ಚಿಗಾಗಿ ಬೇರೆಯವರ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದರು. ಬಿ.ಎ. ಮುಗಿದ ಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆಯಿತು. ಅದರಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆದರು.

ಅವರ ಮೊದಲ ದೊಡ್ಡ ಪರೀಕ್ಷೆ ಸಿಂಧ್ ಪ್ರಾಂತದ ಸಕ್ಕರ್ ಎಂಬ ಪಟ್ಟಣದಲ್ಲಿ ನಡೆಯಿತು. ಅದು ಈಗ ಪಾಕಿಸ್ತಾನದಲ್ಲಿದೆ. ಪಕ್ಕದಲ್ಲೇ ಸಿಂಧೂ ನದಿ ಹರಿಯುತ್ತದೆ, ಆದರೆ ನೀರೆಲ್ಲ ಕೆಸರು. ಅದನ್ನು ಶುದ್ಧ ಮಾಡುವ ದೊಡ್ಡ ತೊಟ್ಟಿಗಳನ್ನು ಕಟ್ಟಿಸಲು ಪುರಸಭೆಯಲ್ಲಿ ಹಣವಿರಲಿಲ್ಲ. ಬೇಸಿಗೆಯಲ್ಲಿ ನಮ್ಮ ಹಳ್ಳದ ಮರಳಿನಲ್ಲಿ ಒರತೆ ತೋಡುವುದನ್ನು ನೀವು ಕಂಡಿದ್ದೀರಿ. ಪಕ್ಕದ ಹರಿವ ನೀರು ಕದಡಿದ್ದರೂ ಒರತೆಯ ನೀರು ತಿಳಿಯಾಗಿರುತ್ತದೆ, ಅಲ್ಲವೇ? ಮರಳೇ ಅದನ್ನು ಸೋಸಿರುತ್ತದೆ. ವಿಶ್ವೇಶ್ವರಯ್ಯನವರು ಮಾಡಿದ್ದೂ ಅದನ್ನೇ. ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನಲ್ಲಿ ಇಳಿದು ಬಂದ ತಿಳಿನೀರನ್ನು ಯಂತ್ರದಿಂದ ಮೇಲಕ್ಕೆ ಎತ್ತಿಸಿ, ಪಟ್ಟಣಕ್ಕೆ ಹಂಚಿದರು. ನಮ್ಮ ಅಜ್ಜಿಯರಿಗೆ ಗೊತ್ತಿದ್ದ ವಿದ್ಯೆ ಒಂದು ಊರಿಗೇ ನೀರು ಕೊಟ್ಟಿತು!

ಮುಂದೆ ಪುಣೆಯ ಬಳಿಯ ಖಡಕವಾಸ್ಲಾ ಕೆರೆಗೆ ಅವರು ಹೊಸ ಬಗೆಯ ಬಾಗಿಲುಗಳನ್ನು ಮಾಡಿಸಿದರು. ನೀರು ಒಂದು ಮಟ್ಟ ಮೀರಿದರೆ ಆ ಬಾಗಿಲುಗಳು ತಾವಾಗಿ ತೆರೆಯುತ್ತಿದ್ದವು. ನೀರು ಇಳಿದರೆ ತಾವಾಗಿ ಮುಚ್ಚುತ್ತಿದ್ದವು. ಅಣೆಕಟ್ಟಿನ ಗೋಡೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸಲು ಇದರಿಂದ ಸಾಧ್ಯವಾಯಿತು. ಇದು 1903ರ ಮಾತು. ಅನಂತರ ಗ್ವಾಲಿಯರಿನಲ್ಲೂ ಇಂಥ ಬಾಗಿಲುಗಳನ್ನು ಹಾಕಿದರು.

ಈಗ ಹೈದರಾಬಾದಿಗೆ ಬರೋಣ. ಆ ಕಾಲದಲ್ಲಿ ಗದ್ವಾಲ, ಮಕ್ತಲ್, ನಾರಾಯಣಪೇಟೆಗಳೂ ನೆರೆಯ ರಾಯಚೂರೂ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ರಾಜಧಾನಿಯ ನಡುವೆ ಹರಿಯುವುದು ಮೂಸಿ ನದಿ. ಅದು ವಿಕಾರಾಬಾದಿನ ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟಿ, ನಲ್ಲಗೊಂಡ ಜಿಲ್ಲೆಯಲ್ಲಿ ನಮ್ಮ ಕೃಷ್ಣೆಯನ್ನೇ ಸೇರುತ್ತದೆ. ಬೇಸಿಗೆಯಲ್ಲಿ ಮಕ್ಕಳೂ ದಾಟಬಲ್ಲ ಸಣ್ಣ ನದಿ ಅದು. ಅದಕ್ಕೇ ಜನರು ದಡದವರೆಗೂ ಮನೆ, ಅಂಗಡಿ, ಆಸ್ಪತ್ರೆಗಳನ್ನು ಕಟ್ಟಿಕೊಂಡಿದ್ದರು.

1908ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಎಡೆಬಿಡದೆ ಮಳೆ ಸುರಿಯಿತು. 28ನೆಯ ತಾರೀಖು ಮೂಸಿ ದಡ ಮೀರಿ ಊರೊಳಗೆ ನುಗ್ಗಿತು. ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ನದಿಗೆ ಅಡ್ಡಲಾಗಿದ್ದ ಅಫ್ಜಲ್ ಸೇತುವೆ, ಮುಸಲ್ಲಂ ಜಂಗ್ ಸೇತುವೆ, ಚಾದರ್‌ಘಾಟ್ ಸೇತುವೆಗಳು ಹಾಳಾದವು. ಈ ದಡದವರು ಆ ದಡಕ್ಕೆ ಹೋಗುವುದು ಬಹಳ ಕಷ್ಟವಾಯಿತು. ಅಫ್ಜಲ್‌ಗಂಜ್ ಆಸ್ಪತ್ರೆಯ ಅಂಗಳದಲ್ಲಿ ಒಂದು ದೊಡ್ಡ ಹುಣಸೆಮರವಿತ್ತು. ಸುಮಾರು 150 ಜನರು ಅದನ್ನು ಹತ್ತಿ ಕುಳಿತು ಪ್ರಾಣ ಉಳಿಸಿಕೊಂಡರು. ಎಲ್ಲರಿಗೂ ಮರ ಸಿಗಲಿಲ್ಲ. ಆ ಪ್ರವಾಹದಲ್ಲಿ ಸುಮಾರು 15,000 ಜನರು ಸತ್ತರೆಂದು ಅಂದಾಜು. ಸುಮಾರು 80,000 ಜನರು ಮನೆಮಾರು ಕಳೆದುಕೊಂಡರು. ಆಗ ನಿಜಾಮರಾಗಿದ್ದ ಮೀರ್ ಮಹಬೂಬ್ ಅಲಿ ಖಾನರು ಜನರ ಊಟಕ್ಕೆ, ವಸತಿಗೆ ಏರ್ಪಾಡು ಮಾಡಿಸಿದರು. ಆದರೆ ಮುಂದಿನ ಮಳೆಗಾಲದಲ್ಲಿ ಏನು ಗತಿ? ನದಿ ಮತ್ತೆ ಬಂದರೆ?

ಆ ಹೊತ್ತಿಗೆ ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದರು. ನಿಜಾಮ್ ಸರ್ಕಾರ ಅವರಿಗೆ ಕರೆ ಕಳುಹಿಸಿತು. ಪ್ರವಾಸ ಮುಗಿಸಿ, 1909ರ ಏಪ್ರಿಲ್‌ನಲ್ಲಿ ಅವರು ಹೈದರಾಬಾದಿಗೆ ಬಂದರು.

ನಿಮ್ಮನ್ನು ಕರೆದಿದ್ದರೆ ನೀವು ಏನು ಮಾಡುತ್ತಿದ್ದಿರಿ? ನದಿಯ ದಡಕ್ಕೆ ಎತ್ತರದ ಗೋಡೆ ಕಟ್ಟಿರಿ ಎನ್ನುತ್ತಿದ್ದಿರಿ. ನಾನೂ ಹಾಗೆಯೇ ಹೇಳುತ್ತಿದ್ದೆ. ಅವರು ಮೊದಲು ಗೋಡೆಯ ಮಾತೆತ್ತಲಿಲ್ಲ. ಅಷ್ಟೊಂದು ನೀರು ಎಲ್ಲಿಂದ ಬಂತು ಎಂದು ಹುಡುಕಲು ಹೊರಟರು. ಯಾವ ಊರಿನಲ್ಲಿ ಎಷ್ಟು ಮಳೆ ಬಿದ್ದಿತ್ತು ಎಂಬ ದಾಖಲೆ ತರಿಸಿದರು. ನೆರೆಯ ಪ್ರಾಂತಗಳ ಮಳೆಯ ಲೆಕ್ಕವನ್ನೂ ನೋಡಿದರು. ಹೈದರಾಬಾದಿನ ಮೇಲುಗಡೆ ಎಷ್ಟು ನೆಲದ ನೀರು ಮೂಸಿಗೆ ಬಂದು ಸೇರುತ್ತದೆ ಎಂದು ಅಳೆಸಿದರು. ಅದು ಸುಮಾರು 860 ಚದರ ಮೈಲಿ!

ಇದರ ಅರ್ಥ ತಿಳಿಯಲು ಒಂದು ಸಣ್ಣ ಲೆಕ್ಕ ಮಾಡೋಣ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಅಂಗಳದಲ್ಲಿ ಒಂದೇ ಒಂದು ಅಂಗುಲ ನೀರು ನಿಂತಿದೆ ಎಂದುಕೊಳ್ಳಿ. ಕಾಲಿನ ಬೆರಳೂ ಪೂರ್ತಿ ಮುಳುಗದು. ಆದರೂ ಆ ನೀರು ಸುಮಾರು 235 ಲೀಟರ್ ಆಗುತ್ತದೆ. 15 ಲೀಟರಿನ ಬಿಂದಿಗೆಯಲ್ಲಿ ತುಂಬಿದರೆ ಹತ್ತಿರ ಹತ್ತಿರ 16 ಬಿಂದಿಗೆ. ಒಂದು ಅಂಗಳಕ್ಕೇ ಇಷ್ಟಾದರೆ, 860 ಚದರ ಮೈಲಿಯ ಮೇಲೆ ಹಲವು ಅಂಗುಲ ಮಳೆ ಬಿದ್ದಾಗ? ಅದೆಲ್ಲ ಒಂದೇ ಸಲ ಒಂದು ಕಿರಿದಾದ ನದಿಯ ಮೂಲಕ ಊರೊಳಗೆ ಹಾದು ಹೋಗಬೇಕಾಗಿತ್ತು.

ಇನ್ನೊಂದು ವಿಷಯವೂ ಬೆಳಕಿಗೆ ಬಂತು. ಆ ಪ್ರದೇಶದಲ್ಲಿ ಸುಮಾರು 800 ಕೆರೆಗಳಿದ್ದವು. ಅವು ಒಂದರ ಕೆಳಗೆ ಒಂದು, ಹಾರದ ಮಣಿಗಳಂತೆ ಇದ್ದವು. ಮೇಲಿನ ಕೆರೆಯ ಕಟ್ಟೆ ಒಡೆದರೆ ಅದರ ನೀರು ಕೆಳಗಿನ ಕೆರೆಗೆ ನುಗ್ಗುತ್ತದೆ. ಅದೂ ತಡೆಯಲಾರದೆ ಒಡೆಯುತ್ತದೆ. 1908ರಲ್ಲಿ ಹೀಗೆ 200ಕ್ಕೂ ಹೆಚ್ಚು ಕೆರೆಗಳು ಒಡೆದಿದ್ದವು. ಆಕಾಶದ ನೀರಿನ ಜೊತೆಗೆ ಕೆರೆಗಳ ನೀರೂ ಸೇರಿ ಊರ ಮೇಲೆ ಬಿದ್ದಿತ್ತು. ಇದು ದೇವರ ಕೋಪವೆಂದು ಹಲವರು ತಿಳಿದಿದ್ದರು. ಒಡೆದ ಕಟ್ಟೆಗಳನ್ನು ಎಣಿಸಿದವರು ಬೇರೆ ಉತ್ತರ ಕಂಡರು.

ವಿಶ್ವೇಶ್ವರಯ್ಯನವರು ಕೊಟ್ಟ ಪರಿಹಾರ ಬಹಳ ಸರಳ. ಲಾಳಿಕೆಯಲ್ಲಿ ಎಣ್ಣೆ ಸುರಿಯುವುದನ್ನು ನೆನೆಯಿರಿ. ಒಮ್ಮೆಲೇ ಸುರಿದರೆ ಹೊರಗೆ ಚೆಲ್ಲುತ್ತದೆ. ನಿಧಾನವಾಗಿ ಸುರಿದರೆ ಒಂದು ಹನಿಯೂ ಚೆಲ್ಲುವುದಿಲ್ಲ. ನದಿಯೂ ಹಾಗೆಯೇ. ಊರಿನ ಮೇಲುಗಡೆ ದೊಡ್ಡ ಜಲಾಶಯಗಳಿರಬೇಕು. ಪ್ರವಾಹದ ನೀರು ಅಲ್ಲಿ ನಿಲ್ಲಬೇಕು. ಅಲ್ಲಿಂದ ನದಿ ತಾಳುವಷ್ಟು ಮಾತ್ರ ಕೆಳಗೆ ಬಿಡಬೇಕು. ಒಂದು ಜಲಾಶಯ ಮೂಸಿಗೆ, ಇನ್ನೊಂದು ಅದರ ಉಪನದಿ ಈಸಿಗೆ. ಆರು ತಿಂಗಳೊಳಗೆ, 1909ರ ಅಕ್ಟೋಬರ್ 1ರಂದು, ಅವರು ತಮ್ಮ ವರದಿಯನ್ನು ಒಪ್ಪಿಸಿದರು.

ವರದಿ ಬರೆದ ಮಾತ್ರಕ್ಕೆ ಅಣೆಕಟ್ಟು ಎದ್ದು ನಿಲ್ಲುವುದಿಲ್ಲ. ಹಣ ಬೇಕು, ಕೆಲಸಗಾರರು ಬೇಕು, ತಾಳ್ಮೆ ಬೇಕು. ಮುಂದಿನ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಕೆಲಸ ಆರಂಭವಾಯಿತು. ಮೂಸಿಗೆ ಅಡ್ಡಲಾಗಿ ಗಂಡಿಪೇಟೆಯಲ್ಲಿ ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು. ಈಸಿ ನದಿಯ ಹಿಮಾಯತ್ ಸಾಗರ 1927ರಲ್ಲಿ ಮುಗಿಯಿತು. ಇವು ಪ್ರವಾಹವನ್ನು ತಡೆದುದಲ್ಲದೆ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ನೂರಾರು ವರ್ಷ ಕಂಟಕವಾಗಿದ್ದ ನೀರೇ ಮನೆಮನೆಯ ನಲ್ಲಿಗೆ ಬಂತು. ಇವುಗಳನ್ನು ಕಟ್ಟಿದ ಸಾವಿರಾರು ಕೂಲಿಗಳ ಹೆಸರು ಯಾವ ಪಾಠದಲ್ಲೂ ಇಲ್ಲ. ಅವರನ್ನೂ ನಾವು ನೆನೆಯಬೇಕು.

ಅವರು ಹೈದರಾಬಾದಿನಲ್ಲಿ ಮಾಡಿದ ಇನ್ನೊಂದು ಯೋಜನೆಯನ್ನು ಜನರು ಅಷ್ಟಾಗಿ ಹೇಳುವುದಿಲ್ಲ. ಚರಂಡಿಯ ಬಗ್ಗೆ ಯಾರು ಹಾಡು ಕಟ್ಟುತ್ತಾರೆ? ಆಗ ಊರಿನ ಕೊಳಚೆ ತೆರೆದ ಮೋರಿಗಳಲ್ಲಿ ಹರಿದು ನದಿ ಸೇರುತ್ತಿತ್ತು. ಕೊಳಚೆ ಕುಡಿಯುವ ನೀರಿಗೆ ಬೆರೆತರೆ ಕಾಲರಾ, ವಾಂತಿಭೇದಿಗಳು ಹರಡುತ್ತವೆ. ಕೊಳಚೆಯನ್ನು ನೆಲದ ಕೆಳಗಿನ ಕೊಳವೆಗಳಲ್ಲಿ ಊರ ಹೊರಗೆ ಸಾಗಿಸಬೇಕೆಂದು ಅವರು ಯೋಜನೆ ಮಾಡಿಕೊಟ್ಟರು. ಮುಂದೆಯೂ ಈ ಕೆಲಸದ ಸಲುವಾಗಿ ಹೈದರಾಬಾದಿಗೆ ಬಂದರು. ಪ್ರವಾಹ ಒಂದು ದಿನದಲ್ಲಿ ಕೊಲ್ಲುತ್ತದೆ, ಎಲ್ಲರಿಗೂ ಕಾಣುತ್ತದೆ. ಕೊಳಕು ನೀರು ವರ್ಷವಿಡೀ ಮನೆಗೊಬ್ಬರಂತೆ ಕೊಲ್ಲುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅಣೆಕಟ್ಟಿನಷ್ಟೇ ಈ ಕೊಳವೆಗಳೂ ದೊಡ್ಡವು ಎಂದು ನನ್ನ ಎಣಿಕೆ.

1909ರ ಕೊನೆಯಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು. ರೈಲ್ವೆಯ ಹೊಣೆಯೂ ಅವರದಾಯಿತು, ಹೊಸ ರೈಲುದಾರಿಗಳು ಬಂದವು. 1911ರಲ್ಲಿ ಕಾವೇರಿಗೆ ಕನ್ನಂಬಾಡಿಯಲ್ಲಿ ಅಣೆಕಟ್ಟಿನ ಕೆಲಸ ಶುರುವಾಯಿತು. ಅದೇ ಕೃಷ್ಣರಾಜಸಾಗರ. ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಗಾರೆಯಿಂದ ಅದನ್ನು ಕಟ್ಟಿದರು. ತಾವಾಗಿ ತೆರೆಯುವ ಬಾಗಿಲುಗಳು ಅಲ್ಲಿಗೂ ಬಂದವು. 1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದರು. ಆ ಅವಧಿಯಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಆರಂಭವಾದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ ಅವರ ಯೋಜನೆಯೇ. ತಾವು ಪುಣೆಯವರೆಗೆ ಹೋಗಿ ಕಲಿತ ವಿದ್ಯೆ ನಾಡಿನ ಮಕ್ಕಳಿಗೆ ಇಲ್ಲೇ ಸಿಗಲಿ ಎಂದು ಆ ಕಾಲೇಜು.

ಅವರ ಬಗ್ಗೆ ಹೇಳುವ ಕಥೆಗಳು ಬಹಳ ಇವೆ. ನೀವೂ ಮನೆಯಲ್ಲಿ ಕೇಳಿರುತ್ತೀರಿ. ನನಗೆ ಆ ಕಥೆಗಳಿಗಿಂತ ಅವರು ಮಳೆಯ ದಾಖಲೆಗಳನ್ನು ಮುಂದಿಟ್ಟುಕೊಂಡು ಕುಳಿತ ಚಿತ್ರವೇ ಹೆಚ್ಚು ಪ್ರಿಯ.

1955ರಲ್ಲಿ ಭಾರತ ಸರ್ಕಾರ ಅವರಿಗೆ ಭಾರತರತ್ನ ಪ್ರಶಸ್ತಿ ನೀಡಿತು. ತೊಂಬತ್ತು ದಾಟಿದ ಮೇಲೂ ಅವರು ಬಿಹಾರಕ್ಕೆ ಹೋಗಿ, ಮೊಕಾಮಾದಲ್ಲಿ ಗಂಗಾನದಿಗೆ ಸೇತುವೆ ಕಟ್ಟುವ ಬಗ್ಗೆ ಸಲಹೆ ಕೊಟ್ಟರು. ರೈಲೂ ಮೋಟಾರೂ ಓಡುವ ಆ ಸೇತುವೆ 1959ರಲ್ಲಿ ತೆರೆಯಿತು. ನೂರು ವರ್ಷ ತುಂಬಿ ಬದುಕಿದ ವಿಶ್ವೇಶ್ವರಯ್ಯನವರು 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಹುಟ್ಟೂರು ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ. ಅವರು ಹುಟ್ಟಿದ ದಿನವನ್ನು ನಮ್ಮ ದೇಶದಲ್ಲಿ ಇಂಜಿನಿಯರುಗಳ ದಿನವಾಗಿ ಆಚರಿಸುತ್ತಾರೆ.

ಹೈದರಾಬಾದಿನಲ್ಲಿ ಈಗಲೂ ಜೋರು ಮಳೆ ಬರುತ್ತದೆ. 2020ರ ಅಕ್ಟೋಬರ್‌ನಲ್ಲಿ ಬಂದ ಮಳೆಗೆ ನಗರದ ಎಷ್ಟೋ ಬೀದಿಗಳು ಮುಳುಗಿದವು. ಕೆರೆಗಳಿದ್ದ ಜಾಗದಲ್ಲೂ ನೀರಿನ ದಾರಿಯಲ್ಲೂ ಮನೆಗಳು ಎದ್ದಿದ್ದವು. ನೀರಿಗೆ ತನ್ನ ಹಳೆಯ ದಾರಿ ಮರೆತಿರಲಿಲ್ಲ. ಅಂಥ ದಿನಗಳಲ್ಲಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ನೀರಿನ ಮಟ್ಟವನ್ನು ಇಂಜಿನಿಯರುಗಳು ಹಗಲೂ ರಾತ್ರಿ ಅಳೆಯುತ್ತಾರೆ. ಗೇಟು ಎತ್ತುವ ಮೊದಲು ಮೂಸಿಯ ದಡದ ಜನರಿಗೆ ತಿಳಿಸುತ್ತಾರೆ. ಆಸ್ಪತ್ರೆಯ ಅಂಗಳದ ಆ ಹುಣಸೆಮರದ ಕೆಳಗೆ ಪ್ರತಿ ವರ್ಷ ಸೆಪ್ಟೆಂಬರ್ 28ರಂದು ಕೆಲವರು ಸೇರಿ, 1908ರಲ್ಲಿ ತೀರಿಕೊಂಡವರನ್ನು ನೆನೆಯುತ್ತಾರೆ.