ಬೆಳಗಿನ ಧುನ್ ಕಟ್ಟಿದವರು

ಹೆಮ್ಮರಗಾಲದ ನಮ್ಮ ಮನೆಯಲ್ಲಿ ತಾತ ಬೆಳಗಾಗುತ್ತಲೇ ರೇಡಿಯೋ ಹಾಕುತ್ತಾರೆ. ಮೊದಲು ತಂಬೂರಿ, ಅದರ ಮೇಲೆ ಪಿಟೀಲು. ಆಕಾಶವಾಣಿಯ ಆ ಧುನ್ ಯಾರದೆಂದು ಹುಡುಕಿದೆ. ಸಿಕ್ಕ ಹೆಸರು ವಾಲ್ಟರ್ ಕಾಫ್‌ಮನ್.

1907ರಲ್ಲಿ, ಈಗಿನ ಚೆಕ್ ದೇಶದ ಕಾರ್ಲ್ಸ್‌ಬಾಡ್‌ನಲ್ಲಿ ಹುಟ್ಟಿದ ಯಹೂದಿ. ಹಿಟ್ಲರ್ ಅಧಿಕಾರ ಹಿಡಿದ ಮರುವರ್ಷ, 1934ರಲ್ಲಿ, ಮುಂಬೈಗೆ ಬಂದರು. 1938ರಲ್ಲಿ ಅವರ ಊರೇ ನಾಜಿಗಳ ಪಾಲಾಯಿತು. ಇಲ್ಲಿನ ಸಂಗೀತ ಮೊದಲು ಅವರಿಗೆ ಅರ್ಥವೇ ಆಗಲಿಲ್ಲವಂತೆ. ಬಿಟ್ಟುಬಿಡಬಹುದಿತ್ತು, ಇವರು ಕಲಿಯಲು ಕೂತರು! ಮುಂಬೈ ರೇಡಿಯೋದಲ್ಲಿ 1946ರವರೆಗೆ ದುಡಿದರು. ಶಿವರಂಜನಿ ರಾಗದ ಈ ಧುನ್ ಆ ಮುಂಬೈ ವರ್ಷಗಳದ್ದು. ಆಕಾಶವಾಣಿ ಎಂಬ ಹೆಸರಾದರೋ, 1935ರಲ್ಲಿ ಗೋಪಾಲಸ್ವಾಮಿಯವರು ಶುರುಮಾಡಿದ ನಮ್ಮ ಮೈಸೂರು ಬಾನುಲಿಯದು.

ಮುಂದೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತ, ದಕ್ಷಿಣ ಭಾರತದ ರಾಗಗಳ ಮೇಲೂ ಪುಸ್ತಕ ಬರೆದರು. 1984ರಲ್ಲಿ ತೀರಿಕೊಂಡರು.

ಹೆಸರು ಹೇಳಿದೆ. ತಾತ ಎರಡು ಸಲ ಹೇಳಿಸಿಕೊಂಡು, ರೇಡಿಯೋದ ಸದ್ದು ಜೋರು ಮಾಡಿದರು.