ದೀನಬಂಧು ಕುದ್ಮುಲ್ ರಂಗರಾಯರು

ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ನೀವು ತಟ್ಟೆ ಹಿಡಿದು ಊಟಕ್ಕೆ ಸಾಲಾಗಿ ನಿಲ್ಲುತ್ತೀರಿ. ನಮ್ಮ ತಮಿಳುನಾಡಿನಲ್ಲಿ ಕಾಮರಾಜರು 1956ರಲ್ಲಿ ಈ ಏರ್ಪಾಡನ್ನು ಆರಂಭಿಸಿದರು. ಅದಕ್ಕೂ ಬಹಳ ಮುಂಚೆಯೇ, ಹಸಿದ ಮಗುವಿಗೆ ಮೊದಲು ಅನ್ನ, ಆಮೇಲೆ ಅಕ್ಷರ ಎಂಬುದನ್ನು ನಡೆಸಿ ತೋರಿಸಿದ ಒಬ್ಬ ಮಹನೀಯರನ್ನು ನಾವಿಲ್ಲಿ ಸ್ಮರಿಸೋಣ.

ರಂಗರಾಯರು 1859ರಲ್ಲಿ ಕಾಸರಗೋಡಿನಲ್ಲಿ, ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಮಂಗಳೂರಿಗೆ ಬಂದು ಅಧ್ಯಾಪಕರಾಗಿ, ಮುಂದೆ ವಕೀಲರಾಗಿ ಹೆಸರು ಪಡೆದರು. ಉಳ್ಳಾಲ ರಘುನಾಥಯ್ಯನವರ ಪ್ರಭಾವದಿಂದ ಬ್ರಹ್ಮಸಮಾಜವನ್ನು ಸೇರಿದರು. ಆ ಕಾಲದಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತ್ತು. ರಾಯರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಅವರಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸಂಸ್ಥೆಯನ್ನು ಸ್ಥಾಪಿಸಿದರು.

ಬಾಗಿಲು ತೆರೆದರೂ ಮಕ್ಕಳು ಸುಲಭವಾಗಿ ಬರಲಿಲ್ಲ. ಕೂಲಿಗೆ ಹೋದರೆ ಮನೆಗೆ ನಾಲ್ಕು ಕಾಸು ಬರುತ್ತಿತ್ತು. ಶಾಲೆಗೆ ಹೋದರೆ ಅದೂ ಇಲ್ಲ. ರಾಯರು ತಂದೆತಾಯಿಗಳನ್ನು ಹಳಿಯಲಿಲ್ಲ. ಮಧ್ಯಾಹ್ನ ಊಟ ಹಾಕಿಸಿದರು. ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು. ಓದಿನ ಜೊತೆಗೆ ನೇಯ್ಗೆ, ಬಡಗಿ ಕೆಲಸಗಳನ್ನು ಕಲಿಸಿದರು. ಬಡವರ ಮನೆಗಳಿಗಾಗಿ ಭೂಮಿಯನ್ನೂ ಒದಗಿಸಿದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರೂ ಕೈಹಿಡಿದ ಕಾರ್ಯವನ್ನು ಬಿಡಲಿಲ್ಲ.

ನಮ್ಮ ಸೇಲಂ ಸೀಮೆಗೂ ಅವರಿಗೂ ನಂಟುಂಟು. ಚಿಕ್ಕಂದಿನಲ್ಲೇ ವಿಧವೆಯಾದ ಮಗಳು ರಾಧಾಬಾಯಿಯನ್ನು ಅವರು ಮದರಾಸಿನಲ್ಲಿ ಓದಿಸಿದರು. 1912ರಲ್ಲಿ ಆಕೆ ತಿರುಚ್ಚೆಂಗೋಡಿನ ಬಳಿಯ ಕುಮಾರಮಂಗಲದ ಜಮೀನ್ದಾರರಾದ ಡಾ. ಪಿ. ಸುಬ್ಬರಾಯನ್ ಅವರನ್ನು ವರಿಸಿದರು. ಜಾತಿಯ ಕಟ್ಟನ್ನು ಮೀರಿದ ಮದುವೆ ಅದು. ಸುಬ್ಬರಾಯನ್ ಅವರು 1926ರಲ್ಲಿ ಮದರಾಸು ಪ್ರಾಂತದ ಮುಖ್ಯಮಂತ್ರಿಗಳಾದರು. ಊರಿಗೆ ಹೇಳಿದ ನೀತಿಯನ್ನು ರಾಯರು ತಮ್ಮ ಮನೆಯಲ್ಲೇ ಪಾಲಿಸಿದ್ದರು.

ಕಡೆಗಾಲದಲ್ಲಿ ಸನ್ಯಾಸ ಸ್ವೀಕರಿಸಿದ ರಾಯರು 1928ರ ಜನವರಿ 30ರಂದು ತೀರಿಕೊಂಡರು. ತಾವು ಓದಿಸಿದ ಮಕ್ಕಳು ದೊಡ್ಡವರಾಗಿ ವಾಹನದಲ್ಲಿ ಓಡಾಡುವಾಗ ಏಳುವ ಧೂಳು ತಮ್ಮ ತಲೆಗೆ ತಗುಲಿದರೆ ಬಾಳು ಸಾರ್ಥಕವೆಂದು ಅವರು ಭಾವಿಸಿದ್ದರು. 1934ರಲ್ಲಿ ಗಾಂಧೀಜಿಯವರು ಮಂಗಳೂರಿಗೆ ಬಂದಾಗ ಅವರ ಸಂಸ್ಥೆಯನ್ನು ಕಂಡು ಗೌರವಿಸಿದರು. ಮಂಗಳೂರಿನ ಪುರಭವನ ಇಂದು ಅವರ ಹೆಸರನ್ನು ಹೊತ್ತಿದೆ.

ಪೋಷಕರೇ, ನಮ್ಮ ತರಗತಿಯಲ್ಲಿಯೂ ಕೆಲವು ಜಾಗಗಳು ಆಗಾಗ ಬರಿದಾಗುತ್ತವೆ. ಒಂದು ಮಗು ತೋಟದ ಕೂಲಿಗೆ ಹೋಗಿರುತ್ತದೆ. ಇನ್ನೊಂದು, ಮಾತು ತಡವಾಗಿ ಬಂದಿತೆಂದೋ ಪಾಠ ಹತ್ತದೆಂದೋ ಮನೆಯಲ್ಲೇ ಉಳಿದಿರುತ್ತದೆ. ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆದಲ್ಲಿಗೆ ನಮ್ಮ ಕೆಲಸ ಮುಗಿಯದು. ಏಕೆ ಬರಲಿಲ್ಲವೆಂದು ಆ ಮನೆಯ ಬಾಗಿಲಿಗೆ ಹೋಗಿ ಕೇಳೋಣ. ರಾಯರು ನಮಗೆ ಕಲಿಸಿದ ಪಾಠ ಅದೇ.